ಬಾಗಿಲಲ್ಲಿ ಅವನು ಹೇಳಿದ್ದೇನು?

ಮುತ್ತಿನಕೊಪ್ಪ
೧೪ ಜುಲೈ ೨೦೦೪

ಮಾನ್ಯ ಮಹೇಶ್ವರ ಅವರಿಗೆ ನಮಸ್ಕಾರಗಳು.

ಮೊದಲು ನನ್ನ ಅಕ್ಷರಕ್ಕೆ ಕ್ಷಮೆ ಕೇಳುತ್ತೇನೆ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಆಮೇಲೆ ಪೆನ್ನು ಹಿಡಿದಿದ್ದು ಬಟ್ಟೆಯ ಅಳತೆ ಬರೆದುಕೊಳ್ಳಲು ಮಾತ್ರ. ಹಾಗಾಗಿ ನನ್ನ ಅಂಕಿಗಳು ದುಂಡಗಿವೆ, ಅಕ್ಷರಗಳು ಸೊಟ್ಟಗಿವೆ. ಒತ್ತಕ್ಷರ ತಪ್ಪಿದ ಕಡೆ ನೀವೇ ಸರಿಮಾಡಿಕೊಂಡು ಓದಬೇಕು.

ನನ್ನ ಹೆಸರು ನೀಲಾಂಬಿಕೆ. ಎನ್.ಆರ್. ಪುರದಲ್ಲಿ ಕಮಲಕ್ಕನ ಟೈಲರಿಂಗ್ ಅಂಗಡಿಯಲ್ಲಿ ಹುಕ್ಸು, ಹೆಮ್ಮಿಂಗ್ ಕೆಲಸ ಮಾಡುತ್ತೇನೆ. ಅಂಗಡಿಯ ಎದುರಿಗೇ ಟಾಕೀಸು. ಹೋದ ತಿಂಗಳು ಅಲ್ಲಿಗೆ ‘ಮಾತು ಬಿಟ್ಟವರು’ ಬಂದಿತ್ತು. ಪೋಸ್ಟರಿನ ಕೆಳಗೆ ನಿಮ್ಮ ಹೆಸರೂ ‘ಅಡ್ಡಗದ್ದೆ’ ಎಂಬ ಊರಿನ ಹೆಸರೂ ಇದ್ದವು. ಸಿನಿಮಾ ಮಾಡಿದವರು ನಮ್ಮ ಸೀಮೆಯವರು ಎಂದು ನಂಬಲು ನನಗೆ ಎರಡು ದಿನ ಬೇಕಾಯಿತು. ನೀವೀಗ ಕೊಪ್ಪದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದೀರಿ ಎಂದು ಕಮಲಕ್ಕನ ಮೈದುನ ಹೇಳಿದರು. ಅವರ ಮೋಟರಿಗೆ ಬೇರಿಂಗ್ ಹಾಕಿಕೊಟ್ಟವರು ನೀವೇ ಅಂತೆ.

ಕಥೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿರುತ್ತಾರಲ್ಲ, ಹೇಳುವುದನ್ನೆಲ್ಲ ಎಮ್ಮೆಗೆ ಹೇಳುತ್ತಾರಲ್ಲ. “ಎಮ್ಮೇ, ನಿನ್ನ ಯಜಮಾನಂಗೆ ಹೇಳು, ಸಾರು ಆರ್ತಿದೆ” ಎಂದು ಆ ಅಜ್ಜಿ ಹೇಳುವಾಗ ಟಾಕೀಸಿನಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಜ್ಜಿ ಸೊಪ್ಪು ಹೆಚ್ಚುವಾಗ ಅವರ ಕೈ ಪರದೆಯ ತುಂಬ ಬಂತು. ನಮ್ಮ ಮನೆಯ ಬಾಗಿಲಿನಷ್ಟು ದೊಡ್ಡ ಕೈ. ಉಗುರಿನ ಸಂದಿನಲ್ಲಿ ಮಣ್ಣು ಕೂಡ ಕಾಣುತ್ತಿತ್ತು. ಇಂಥ ಕೈಯನ್ನು ಅಷ್ಟು ದೊಡ್ಡದು ಮಾಡಿ ತೋರಿಸಬಹುದು ಎಂದು ಯಾರಿಗಾದರೂ ಅನ್ನಿಸಿತಲ್ಲ ಎಂದು ನನಗೆ ಮೈ ಜುಂ ಎಂದಿತು.

ಕೊನೆಯಲ್ಲಿ ಅಜ್ಜ ಮಳೆಯಲ್ಲಿ ತೊಯ್ದು ಹಿತ್ತಿಲ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅಜ್ಜಿ ತಲೆ ಎತ್ತುತ್ತಾರೆ. ಅಜ್ಜ ಬಾಯಿ ತೆರೆಯುತ್ತಾರೆ. ಅಷ್ಟೇ. ಮರುಕ್ಷಣದಲ್ಲಿ ಅಡುಗೆಮನೆಯ ನೆಲದ ಮೇಲೆ ಎರಡು ತಟ್ಟೆಗಳು ಅಕ್ಕಪಕ್ಕ ಇವೆ. ಅಲ್ಲಿಯವರೆಗೆ ಅಜ್ಜನ ತಟ್ಟೆ ಜಗಲಿಗೆ ಹೋಗುತ್ತಿತ್ತು. ನಡುವೆ ಏನನ್ನೂ ತೋರಿಸಲಿಲ್ಲ, ಆದರೆ ಎಲ್ಲವೂ ಆಗಿಹೋಗಿತ್ತು! ನನ್ನ ಪಕ್ಕದಲ್ಲಿದ್ದ ಕಮಲಕ್ಕ ಸೆರಗಿನಿಂದ ಮೂಗು ಒರೆಸಿಕೊಂಡರು. ಸುತ್ತ ಇನ್ನೂ ಹಲವರು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಅಂದಿನಿಂದ ಹೆಮ್ಮಿಂಗ್ ಹಾಕುವಾಗಲೆಲ್ಲ ಅದೇ ಯೋಚನೆ. ಬಾಗಿಲಲ್ಲಿ ನಿಂತು ಅಜ್ಜ ಏನು ಹೇಳಿದರು? ಸಿನಿಮಾ ಮಾಡಿದವರಿಗೆ ಗೊತ್ತೇ ಇರುತ್ತದೆ. ದಯವಿಟ್ಟು ತಿಳಿಸಿ. ಅದು ನನಗೆ ಬೇಕಾಗಿದೆ.

ಇಂತಿ ನಮಸ್ಕಾರಗಳೊಂದಿಗೆ,
ನೀಲಾಂಬಿಕೆ


ಕೊಪ್ಪ
೨ ಆಗಸ್ಟ್ ೨೦೦೪

ನೀಲಾಂಬಿಕೆಯವರಿಗೆ,

ನಿಮ್ಮ ಪತ್ರ ಬಂದಾಗ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಪಂಪಿನ ವಿಚಾರ ಇರಬೇಕೆಂದು ಬದಿಗಿಟ್ಟೆ. ಸಂಜೆ ಓದಿದೆ, ಮತ್ತೆ ಓದಿದೆ.

ಆ ಚಿತ್ರ ಬೆಂಗಳೂರಿನಲ್ಲಿ ಒಂದು ವಾರ ಓಡಲಿಲ್ಲ. ಶಿವಮೊಗ್ಗದಲ್ಲಿ ಭಾನುವಾರಕ್ಕೇ ತೆಗೆದರು. ಶೃಂಗೇರಿಯಲ್ಲಿ ನನ್ನ ನೆಂಟರೇ ಹೋಗಲಿಲ್ಲ. ಹೋದವರು ನನ್ನನ್ನು ಕಂಡರೆ ರಸ್ತೆ ದಾಟಿ ಆ ಕಡೆ ನಡೆಯುತ್ತಿದ್ದರು. ಈಗ ಎರಡು ವರ್ಷದ ಮೇಲೆ ನೀವು ಬರೆದಿದ್ದೀರಿ. ತಮಾಷೆಗೆ ಬರೆದಿಲ್ಲ ಎಂದು ನಂಬಿದ್ದೇನೆ.

ಒಂದು ವಿಷಯ ಅರ್ಥವಾಗಲಿಲ್ಲ. ಅವನು ಏನು ಹೇಳಿದ ಎಂದು ಕೇಳಿದ್ದೀರಿ. ಅಲ್ಲಿ ಹಾಡೇ ಇದೆಯಲ್ಲ? ಜನ ಶಿಳ್ಳೆ ಹೊಡೆದು ನಕ್ಕಿದ್ದು ಆ ಹಾಡಿಗೇ. ನೀವು ಅದರ ಬಗ್ಗೆ ಒಂದಕ್ಷರವೂ ಬರೆದಿಲ್ಲ. ನನಗೆ ನೋವಾಗದಿರಲಿ ಎಂದು ಬಿಟ್ಟಿರಾ?

ಮಹೇಶ್ವರ


ಮುತ್ತಿನಕೊಪ್ಪ
೧೧ ಆಗಸ್ಟ್ ೨೦೦೪

ಮಹೇಶ್ವರ ಸರ್ ಅವರಿಗೆ ನಮಸ್ಕಾರಗಳು.

ನಿಮ್ಮ ಸಿನಿಮಾದಲ್ಲಿ ಹಾಡಿದೆ ಎಂದು ನನಗೆ ನಿಮ್ಮ ಪತ್ರದಿಂದಲೇ ಗೊತ್ತಾಯಿತು.

ನಮ್ಮ ಟಾಕೀಸಿನ ಪದ್ಧತಿ ನಿಮಗೆ ತಿಳಿದಿಲ್ಲ. ಮುತ್ತಿನಕೊಪ್ಪದ ಕಡೆಯ ಬಸ್ಸು ಎಂಟೂವರೆಗೆ ಹೊರಡುತ್ತದೆ. ಸಂಜೆಯ ಆಟ ಪೂರ್ತಿ ತೋರಿಸಿದರೆ ಬಸ್ಸು ತಪ್ಪುತ್ತದೆ. ಹಿಂದೆಲ್ಲ ಹಳ್ಳಿಯವರು ಕ್ಲೈಮ್ಯಾಕ್ಸ್ ಬಿಟ್ಟು ಎದ್ದು ಓಡುತ್ತಿದ್ದರಂತೆ, ಕಳ್ಳ ಯಾರೆಂದು ತಿಳಿಯದೆಯೇ ಊರಿಗೆ ಹೋಗುತ್ತಿದ್ದರಂತೆ. ಅದಕ್ಕೇ ಆಪರೇಟರ್ ಸುಬ್ಬಪ್ಪ ಸಂಜೆಯ ಆಟಕ್ಕೆ ಹಾಡುಗಳನ್ನು ತೆಗೆದುಬಿಡುತ್ತಾರೆ, ರೀಲಿನ ಡಬ್ಬಿ ವಾಪಸ್ ಕಳಿಸುವಾಗ ಮತ್ತೆ ಸೇರಿಸುತ್ತಾರೆ. ಯಾರಾದರೂ ಗೊಣಗಿದರೆ, “ಹಾಡು ರೇಡಿಯೋದಲ್ಲಿ ಬರುತ್ತೆ, ಬಸ್ಸು ರೇಡಿಯೋದಲ್ಲಿ ಬರುತ್ತೇನ್ರೀ?” ಎನ್ನುತ್ತಾರೆ. ನಾನು ಕೆಲಸ ಮುಗಿಸಿ ಹೋಗುವುದು ಸಂಜೆಯ ಆಟಕ್ಕೇ. ನಾನು ನೋಡಿದ ಯಾವ ಸಿನಿಮಾದಲ್ಲೂ ಹಾಡಿಲ್ಲ.

ನೀವು ‘ಓಡಲಿಲ್ಲ’ ಎಂದು ಬರೆದಿದ್ದೀರಿ. ಹಾಗೆಂದರೇನು ಎಂದು ಕಮಲಕ್ಕನನ್ನು ಕೇಳಿದೆ. ಓಡಿದ ಸಿನಿಮಾಗಳ ಡಬ್ಬಿ ದೊಡ್ಡ ಊರುಗಳಲ್ಲೇ ತಿರುಗುತ್ತಿರುತ್ತದೆ, ನಮ್ಮಲ್ಲಿಗೆ ಬರುವಷ್ಟರಲ್ಲಿ ಗೀರು ಬಿದ್ದು ಮಳೆ ಸುರಿದಂತೆ ಕಾಣುತ್ತದೆ. ಓಡದೆ ಇದ್ದವು ಹೊಸದಾಗಿ, ಶುಭ್ರವಾಗಿ ಬರುತ್ತವೆ. ಅದಕ್ಕೇ ನಾನು ನೋಡಿದ ಒಳ್ಳೆಯ ಸಿನಿಮಾಗಳೆಲ್ಲ ಬೇರೆ ಕಡೆ ಸೋತವೇ ಇರಬೇಕು. ನಮಗೆ ಅದು ಗೊತ್ತಿರಲಿಲ್ಲ. ನಾವು ಅವುಗಳನ್ನು ಸಿನಿಮಾ ಎಂದೇ ನೋಡಿದೆವು.

ಅಜ್ಜ ಏನು ಹೇಳಿದರು ಎಂಬುದು ನನಗೇಕೆ ಬೇಕು ಎಂದು ಬರೆಯಲು ಸಂಕೋಚ. ಆದರೂ ಬರೆಯುತ್ತೇನೆ. ನಮ್ಮ ಅಪ್ಪ ಲಿಂಗಪ್ಪ, ಅವ್ವ ಗಂಗಾಂಬಿಕೆ. ಮೂರು ವರ್ಷದಿಂದ ಅವರಿಬ್ಬರಿಗೆ ಮಾತಿಲ್ಲ. ಅಕ್ಕ ದೀಕ್ಷಾಳ ಮದುವೆಯನ್ನು ಅಪ್ಪ ಸಂತೆಯಲ್ಲೇ ಒಪ್ಪಿಕೊಂಡು ಬಂದರು. ತನ್ನನ್ನು ಒಂದು ಮಾತು ಕೇಳಲಿಲ್ಲ ಎಂದು ಅವ್ವನಿಗೆ ಕೋಪ. ಅಕ್ಕ ತರೀಕೆರೆಯಲ್ಲಿ ಸುಖವಾಗಿದ್ದಾಳೆ, ಮಗುವೂ ಆಗಿದೆ. ಜಗಳಕ್ಕೆ ಈಗ ಕಾರಣವೇ ಇಲ್ಲ, ಜಗಳ ಮಾತ್ರ ಇದೆ. “ನೀಲಾ, ನಿಮ್ಮವ್ವಂಗೆ ಹೇಳು, ಸೊಸೈಟೀಲಿ ಸಕ್ಕರೆ ಬಂದೈತೆ.” “ನೀಲಾ, ನಿಮ್ಮಪ್ಪಂಗೆ ಹೇಳು, ಚೀಲ ತಗಂಡು ಹೋಗ್ಲಿ.” ಇಬ್ಬರೂ ಒಂದೇ ಕೋಣೆಯಲ್ಲಿ ನಿಂತು ಹೇಳುತ್ತಾರೆ.

ನಮ್ಮ ಮನೆಯಲ್ಲಿ ಆ ಎಮ್ಮೆ ನಾನೇ. ಅದಕ್ಕೇ ನನಗೆ ನಗು ಬರಲಿಲ್ಲ.

ನಾನು ಮದುವೆಯಾಗಿ ಹೋದರೆ ಇವರು ಏನು ಮಾಡುತ್ತಾರೆ ಎಂದು ಭಯವಾಗುತ್ತದೆ. ಅಜ್ಜ ಹೇಳಿದ ಮಾತು ಗೊತ್ತಾದರೆ ಹೇಗಾದರೂ ಅಪ್ಪನಿಂದ ಹೇಳಿಸುತ್ತೇನೆ.

ನೀಲಾಂಬಿಕೆ


ಕೊಪ್ಪ
೨೦ ಸೆಪ್ಟೆಂಬರ್ ೨೦೦೪

ನೀಲಾಂಬಿಕೆಯವರಿಗೆ,

ತಡವಾಗಿ ಬರೆಯುತ್ತಿದ್ದೇನೆ. ಕೋಪ ಇಳಿಯಲಿ ಎಂದು ಕಾದೆ. ಪೂರ್ತಿ ಇಳಿದಿಲ್ಲ.

ಆ ಹಾಡೇ ನನ್ನ ಚಿತ್ರ. ಅದನ್ನು ಕಿಗ್ಗದ ಆಚೆ ಅಬ್ಬಿಯ ನೀರು ಧುಮುಕುವ ಕಡೆ, ಜಿಗಣೆ ಕಿತ್ತುಕೊಳ್ಳುತ್ತಾ, ಕ್ಯಾಮೆರಾಕ್ಕೆ ಕಂಬಳಿ ಕೊಪ್ಪೆ ಹೊದಿಸಿ ತೆಗೆದೆವು. ಬಾಗಿಲಲ್ಲಿ ಮುದುಕ ಬಾಯಿ ತೆರೆದ ಕೂಡಲೇ ಹಾಡುತ್ತಾನೆ. ಹಾಡುತ್ತಾ ಇಬ್ಬರೂ ಹರೆಯದವರಾಗುತ್ತಾರೆ, ನೀರಿನ ಕೆಳಗೆ ನಿಲ್ಲುತ್ತಾರೆ, ಮತ್ತೆ ಮುದುಕರಾಗಿ ಬಾಗಿಲಿಗೆ ಮರಳುತ್ತಾರೆ. ಅವನು ಏನು ಹೇಳಿದ ಎಂದರೆ ಆ ಹಾಡನ್ನೇ ಹೇಳಿದ. ಮೊದಲ ಮಳೆಯ ನೆನಪು, ಅವಳ ಬಳೆಯ ಸದ್ದು, ನಾನು ತಪ್ಪಿದೆ, ಹೀಗೆ.

ಜನಕ್ಕೆ ಹೃದಯವಿಲ್ಲ, ಅದಕ್ಕೇ ನಕ್ಕರು ಎಂದುಕೊಂಡು ನಾನು ಎರಡು ವರ್ಷ ಬದುಕಿದ್ದೇನೆ. ಈಗ ನೀವು ಹೇಳುತ್ತಿದ್ದೀರಿ, ಎನ್.ಆರ್. ಪುರದಲ್ಲಿ ಜನ ಅತ್ತರು, ಏಕೆಂದರೆ ಆಪರೇಟರ್ ನನ್ನ ಚಿತ್ರದ ಹೃದಯವನ್ನೇ ಕಿತ್ತು ಡಬ್ಬಿಗೆ ಹಾಕಿದ್ದ. ನೀವು ಮೆಚ್ಚಿದ ಆ ಎರಡು ತಟ್ಟೆಗಳ ಜಿಗಿತ ನನ್ನದಲ್ಲ. ಅದು ಬಸ್ಸಿನ ಟೈಮು ಮಾಡಿದ್ದು.

ನೀವು ತಪ್ಪಾದ ವಿಳಾಸಕ್ಕೆ ಬರೆದಿದ್ದೀರಿ. ಸುಬ್ಬಪ್ಪನವರಿಗೆ ಬರೆಯಿರಿ.

ಮಹೇಶ್ವರ


ಮುತ್ತಿನಕೊಪ್ಪ
೨೫ ಅಕ್ಟೋಬರ್ ೨೦೦೪

ಮಹೇಶ್ವರ ಸರ್ ಅವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಓದಿ ಹೆದರಿ ಇಷ್ಟು ದಿನ ಸುಮ್ಮನಿದ್ದೆ. ಸುಬ್ಬಪ್ಪನವರಿಗೂ ಹೇಳಿದೆ. ಅವರು ಕಿವಿ ಹಿಡಿದುಕೊಂಡು, “ಅಯ್ಯೋ ಶಿವನೇ, ಮಾಡಿದವರಿಗೇ ಹೇಳಿಬಿಟ್ಟೆಯಾ ಹುಡುಗಿ? ನಾನು ಕತ್ತರಿ ಹಾಕೋನು, ಅವರು ಕಥೆ ಹಾಕೋರು. ನನಗೆ ಬರೀಬೇಡ ಮಾರಾಯ್ತಿ” ಎಂದರು.

ಸರ್, ಜಿಗಿತ ನಿಮ್ಮದಲ್ಲದಿರಬಹುದು. ಆದರೆ ಬಾಗಿಲಲ್ಲಿ ನಿಂತ ಅಜ್ಜನ ಮುಖ ನಿಮ್ಮದು. ತಟ್ಟೆ ಇಡುವ ಅಜ್ಜಿಯ ಕೈ ನಿಮ್ಮದು. ಅವು ಅಷ್ಟು ಚೆನ್ನಾಗಿರದಿದ್ದರೆ ನಡುವೆ ಏನೋ ಆಗಿದೆ ಎಂದು ನನಗೆ ತಿಳಿಯುತ್ತಲೇ ಇರಲಿಲ್ಲ. ಬೇರೆ ಸಿನಿಮಾಗಳಲ್ಲೂ ಸುಬ್ಬಪ್ಪ ಹಾಡು ತೆಗೆಯುತ್ತಾರೆ. ಅಲ್ಲಿ ಯಾರೂ ಅಳುವುದಿಲ್ಲ. ಬಟ್ಟೆ ಬದಲಾಯಿತು ಎಂದಷ್ಟೇ ಗೊತ್ತಾಗುತ್ತದೆ.

ಹಾಡಿನಲ್ಲಿ ಏನಿದೆ ಎಂದು ನೀವು ಬರೆದದ್ದನ್ನು ಹತ್ತಾರು ಸಲ ಓದಿದೆ. ಅದರಿಂದ ನನಗೆ ಉಪಯೋಗವಾಗಲಿಲ್ಲ. ಬೇಸರಪಡಬೇಡಿ. ನಮ್ಮ ಅಪ್ಪನಿಗೆ ಹಾಡಲು ಬರುವುದಿಲ್ಲ. ಅವ್ವನ ಬಳೆಯ ಸದ್ದಿನ ವಿಚಾರ ಅಪ್ಪ ಎತ್ತಿದರೆ ಅವ್ವ ನನ್ನ ಕಡೆ ತಿರುಗಿ “ನಿಮ್ಮಪ್ಪಂಗೆ ಜ್ವರ ಏನು ನೋಡೆ” ಎನ್ನುತ್ತಾಳೆ. ಹಾಡು ಬಾರದವರು ಆ ಬಾಗಿಲಲ್ಲಿ ಏನು ಹೇಳಬೇಕು ಸರ್? ಅದನ್ನು ನೀವು ಯೋಚಿಸಿದ್ದೀರಾ?

ಇನ್ನೊಂದು ಕೋರಿಕೆ. ಟಾಕೀಸಿನ ಯಜಮಾನರು ಸೋಮಶೇಖರಪ್ಪ. ಕಮಲಕ್ಕ ಅವರನ್ನು ಕೇಳಿದ್ದಾರೆ. ನಿಮ್ಮ ಹತ್ತಿರ ಪ್ರಿಂಟ್ ಇದ್ದರೆ ಒಂದು ಭಾನುವಾರ ಸಂಜೆ ಮತ್ತೆ ತೋರಿಸಲು ಅವರು ಒಪ್ಪಿದ್ದಾರೆ. ಅಪ್ಪ ಅವ್ವ ಇಬ್ಬರನ್ನೂ ಕರೆತರಬೇಕೆಂದು ನನ್ನ ಆಸೆ. ನಾನು ಹೇಳಲಾರದ್ದನ್ನು ಆ ಎರಡು ತಟ್ಟೆಗಳು ಹೇಳಬಹುದು.

ನೀಲಾಂಬಿಕೆ


ಕೊಪ್ಪ
೧೨ ನವೆಂಬರ್ ೨೦೦೪

ತಂಗಿ ನೀಲಾಂಬಿಕೆಗೆ,

ಡಬ್ಬಿಗಳು ಅಂಗಡಿಯ ಅಟ್ಟದ ಮೇಲಿವೆ. ಮೇಲೆ ಪೈಪು ಜೋಡಿಸಿಟ್ಟಿದ್ದೆ. ನಿನ್ನೆ ಇಳಿಸಿ ಧೂಳು ಒರೆಸಿದೆ. ಹೆಂಡತಿ ದೇವಕಿ ಕೆಳಗೆ ನಿಂತು, “ಎಂತ ಅದು, ಮತ್ತೆ ಶುರುವಾಯ್ತಾ?” ಎಂದಳು. ಇಲ್ಲ ಎಂದೆ. ಸುಳ್ಳು ಎಂದು ಅವಳಿಗೆ ಗೊತ್ತು. ಆದರೂ ಒರೆಸಲು ಹಳೆ ಪಂಚೆ ತಂದುಕೊಟ್ಟಳು.

ನಿನ್ನ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಆ ಮುದುಕನಿಗೆ ಹಾಡು ಬಾರದಿದ್ದರೆ ಏನು ಹೇಳುತ್ತಿದ್ದ ಎಂದು ಪಂಪು ಬಿಚ್ಚುವಾಗಲೂ ಯೋಚಿಸುತ್ತಿದ್ದೇನೆ. ಚಿತ್ರ ಮಾಡುವಾಗ ಇಷ್ಟು ಯೋಚಿಸಿದ್ದೆನೋ ಇಲ್ಲವೋ.

೨೮ರ ಭಾನುವಾರ ಬರುತ್ತೇನೆ. ಸುಬ್ಬಪ್ಪನವರಿಗೆ ಹೇಳು, ಎಂದಿನಂತೆ ಹಾಡು ತೆಗೆದೇ ತೋರಿಸಲಿ. ನೀನು ನೋಡಿದ್ದನ್ನು ನಾನು ನೋಡಬೇಕು. ನಾನು ಹಿಂದಿನ ಸಾಲಿನಲ್ಲಿ ಕೂರುತ್ತೇನೆ, ಯಾರಿಗೂ ಪರಿಚಯಿಸಬೇಡ.

ಮಹೇಶ್ವರ


ಕೊಪ್ಪ
೩೦ ನವೆಂಬರ್ ೨೦೦೪

ನೀಲಾಂಬಿಕೆಗೆ,

ಹೇಳದೆ ಎದ್ದು ಬಂದದ್ದಕ್ಕೆ ಕ್ಷಮಿಸು. ಹಾರ ಹಾಕಿ ಮುಂದಿನ ಸಾಲಿನಲ್ಲಿ ಕೂರಿಸಿದಾಗಲೇ ಏನೋ ಎಡವಟ್ಟು ಎನ್ನಿಸಿತ್ತು. ಬಾಗಿಲಲ್ಲಿ ಮುದುಕ ಬಾಯಿ ತೆರೆದ. ಎರಡು ತಟ್ಟೆಗಳಿಗೆ ನಾನು ಕಾದೆ. ಹಾಡು ಶುರುವಾಯಿತು.

ಅದೇ ನಗು. ಬೆಂಗಳೂರಿನಲ್ಲಿ ಕೇಳಿದ್ದ ಅದೇ ನಗು, ಅದೇ ಶಿಳ್ಳೆ. ಗಂಡಸರ ಕಡೆಯಿಂದ ಯಾರೋ ಏನೋ ಕೂಗಿದರು, ಹೆಂಗಸರ ಕಡೆಯಿಂದ ಇನ್ಯಾರೋ ಕೂಗಿದರು, ಇಡೀ ಟಾಕೀಸು ಹೋ ಎಂದಿತು. ನಾನು ಹಾರ ತೆಗೆದು ಕುರ್ಚಿಯ ಮೇಲಿಟ್ಟು ಹೊರಗೆ ಬಂದೆ.

ಒಂದು ಮಾತ್ರ ಸ್ಪಷ್ಟವಾಯಿತು. ಮಿಕ್ಕ ಚಿತ್ರಕ್ಕೆ ನಿಮ್ಮೂರಿನವರು ಉಸಿರು ಬಿಗಿಹಿಡಿದು ಕೂತಿದ್ದರು. ಕೆಟ್ಟದ್ದು ಹಾಡೇ, ಜನರಲ್ಲ. ಸುಬ್ಬಪ್ಪನವರು ಡಬ್ಬಿ ಕಳಿಸಿದ ಕೂಡಲೇ ಆ ಹಾಡನ್ನು ಕತ್ತರಿಸಿ ಒಲೆಗೆ ಹಾಕುತ್ತೇನೆ. ನಿನ್ನ ಅಪ್ಪ ಅವ್ವ ಬಂದಿದ್ದರೋ ಇಲ್ಲವೋ ತಿಳಿಯಲಿಲ್ಲ. ಬಂದಿದ್ದರೆ, ನಿನ್ನ ಕೆಲಸ ಕೆಡಿಸಿದವನು ನಾನು.

ಮಹೇಶ್ವರ


ಮುತ್ತಿನಕೊಪ್ಪ
೩ ಡಿಸೆಂಬರ್ ೨೦೦೪

ಮಹೇಶ್ವರ ಸರ್ ಅವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ನಿನ್ನೆ ಸಂಜೆ ಸಿಕ್ಕಿತು. ಕೂಡಲೇ ಬರೆಯುತ್ತಿದ್ದೇನೆ. ಇದು ಕೈಸೇರುವವರೆಗೆ ಕತ್ತರಿ ಮುಟ್ಟಬೇಡಿ.

ಹಾಡು ತೆಗೆಯಿರಿ ಎಂದು ಸುಬ್ಬಪ್ಪನವರಿಗೆ ನಾನು ಹೇಳಿದ್ದೆ. ಅವರು ತಲೆಯನ್ನೂ ಆಡಿಸಿದ್ದರು. ಆಮೇಲೆ ಕೇಳಿದರೆ, “ಮಾಡಿದ ಮಹಾನುಭಾವರೇ ಬಂದು ಕೂತಿರುವಾಗ ಅವರ ಹಾಡು ಕತ್ತರಿಸೋಕೆ ನನಗೇನು ಹುಚ್ಚಾ? ದೊಡ್ಡವರು ಸಂಕೋಚಕ್ಕೆ ಹಂಗೆ ಹೇಳಿರ್ತಾರೆ” ಎಂದರು. ಸೋಮಶೇಖರಪ್ಪನವರು ಬಸ್ಸಿನ ಕಂಡಕ್ಟರ್ ಗಜಾನನನಿಗೆ ಮೊದಲೇ ಹೇಳಿ ಆಟ ಪೂರ್ತಿ ಮುಗಿಯುವವರೆಗೆ ಬಸ್ಸನ್ನು ಟಾಕೀಸಿನ ಮುಂದೆಯೇ ನಿಲ್ಲಿಸಿದ್ದರು. ಎಲ್ಲ ನಿಮ್ಮ ಮೇಲಿನ ಗೌರವಕ್ಕೆ ಮಾಡಿದ್ದು. ನಿಮಗೆ ನೋವಾಯಿತೆಂದು ತಿಳಿದು ಸುಬ್ಬಪ್ಪ ಊಟ ಬಿಟ್ಟಿದ್ದಾರೆ ಎಂದು ಕಮಲಕ್ಕ ಹೇಳುತ್ತಾರೆ. ಟೀ ಮಾತ್ರ ಬಿಟ್ಟಿಲ್ಲ.

ಈಗ ಆ ಕೂಗಿನ ವಿಚಾರ.

ಅಪ್ಪ ಅವ್ವ ಇಬ್ಬರೂ ಬಂದಿದ್ದರು. ಅಪ್ಪ ಗಂಡಸರ ಕಡೆ, ಅವ್ವ ನನ್ನ ಜೊತೆ ಹೆಂಗಸರ ಕಡೆ. ನಡುವೆ ಓಡಾಡುವ ದಾರಿ. ಎಮ್ಮೆಯ ದೃಶ್ಯಗಳಲ್ಲಿ ಅವ್ವ ನನ್ನ ಮುಖ ನೋಡಲಿಲ್ಲ, ಸೀರೆಯ ಅಂಚು ತಿರುಚುತ್ತಾ ಕೂತಿದ್ದಳು. ಆ ಕಡೆ ಅಪ್ಪ ಕೆಮ್ಮುತ್ತಿದ್ದರು. ಇಬ್ಬರಿಗೂ ತಾಗುತ್ತಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಬಾಗಿಲು ಬಂತು. ನಾನು ಅವ್ವನ ಕಡೆಗೇ ತಿರುಗಿ ಕೂತೆ. ಹಾಡು ಶುರುವಾದಾಗ ನಾನೂ ನಿಮ್ಮಂತೆಯೇ ಮುಗಿಯಿತು ಎಂದುಕೊಂಡೆ.

ಜನ ನಕ್ಕರು. ಒಬ್ಬರು, “ಅಜ್ಜಾ, ಒಳಗೆ ಬಾ ಮಾರಾಯ, ತೊಯ್ದು ತೊಪ್ಪೆ ಆಗಿದೀಯ” ಎಂದರು. ಆಗ ಗಂಡಸರ ಕಡೆಯಿಂದ ಒಂದು ದನಿ ಎದ್ದಿತು. ನಮ್ಮ ಅಪ್ಪ! ನಾಲ್ಕು ಜನರ ಮುಂದೆ ಬಾಯಿಬಿಡದ ನಮ್ಮ ಅಪ್ಪ!

“ಮುದುಕ ಅಷ್ಟು ಹೊತ್ತಿಂದ ಅರಚ್ತಾ ನಿಂತಾನೆ. ಒಂದು ಟವೆಲ್ ಕೊಡಬಾರದಾ ಅವಳು?”

ಅವ್ವ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕೂತಲ್ಲಿಂದಲೇ, ಇಡೀ ಟಾಕೀಸಿಗೆ ಕೇಳುವ ಹಾಗೆ ಹೇಳಿದಳು: “ಕೊಟ್ಟಿದ್ದೆ ನಾನು! ಹೆಣ್ಣು ನೋಡೋಕೆ ಬಂದಾಗ ಹಿಂಗೇ ತೊಯ್ಕಂಡು ನಿಂತಿದ್ರಲ್ಲ, ನಮ್ಮಪ್ಪನ ಹೊಸಾ ಟವೆಲ್ ತಂದು ಕೊಟ್ಟೋಳು ಯಾರು? ವಾಪಸ್ ಕೊಡದೆ ಹೊದ್ಕಂಡು ಹೋದ್ರಿ!”

ಎಲ್ಲರ ತಲೆಯೂ ಅವ್ವನ ಕಡೆ ತಿರುಗಿತು. ಅಜ್ಜ ಮಾತ್ರ ಹಾಡುತ್ತಿದ್ದರು.

“ಹೊದ್ಕಂಡು ಹೋಗದೆ ಚಳೀಲಿ ಸಾಯ್ಬೇಕಿತ್ತೇನೆ ಮಾರಾಯ್ತಿ?” ಎಂದರು ಅಪ್ಪ.

ಸರ್, ಟಾಕೀಸು ಹೋ ಎಂದದ್ದು ಆಗ. ನಮ್ಮೂರಿನವರು ಬಹಳ ಜನ ಅಲ್ಲಿದ್ದರು, ಮೂರು ವರ್ಷದ ಕಥೆ ಎಲ್ಲರಿಗೂ ಗೊತ್ತು. ಬೆಂಚು ತಟ್ಟಿದರು, ಶಿಳ್ಳೆ ಹೊಡೆದರು. ಕಮಲಕ್ಕ ನನ್ನ ತೋಳು ಎಷ್ಟು ಜೋರಾಗಿ ಹಿಡಿದರೆಂದರೆ ಇನ್ನೂ ನೋಯುತ್ತಿದೆ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಕತ್ತಲಲ್ಲಿ ಕಾಣಲಿಲ್ಲ. ಪರದೆಯ ಮೇಲೆ ನೀರು ಸುರಿಯುತ್ತಿತ್ತು, ಅಷ್ಟು ಎತ್ತರದಿಂದ, ಬೆಳ್ಳಗೆ, ಅದರ ಬೆಳಕು ಎಲ್ಲರ ಮುಖದ ಮೇಲೂ ಓಡಾಡುತ್ತಿತ್ತು. ಅಪ್ಪನ ಮುಖವನ್ನು ಆ ಬೆಳಕಿನಲ್ಲಿ ನೋಡಿದೆ. ಹೆಣ್ಣು ನೋಡಲು ಬಂದ ಗಂಡಿನ ಮುಖ ಹೀಗೇ ಇದ್ದಿರಬೇಕು.

ನೀವು ಹೊರಗೆ ಹೋಗಿದ್ದು ನನಗೆ ತಿಳಿಯಲಿಲ್ಲ. ಇನ್ನು ಸ್ವಲ್ಪ ಹೊತ್ತು ಕೂತಿದ್ದರೆ ಎರಡು ತಟ್ಟೆಗಳು ಬಂದಾಗ ಒಬ್ಬರೂ ಕೆಮ್ಮಲಿಲ್ಲ ಎಂಬುದನ್ನು ನೋಡುತ್ತಿದ್ದಿರಿ.

ಹಾಡು ಚೆನ್ನಾಗಿದೆ ಎಂದು ನಾನು ಸುಳ್ಳು ಬರೆಯುವುದಿಲ್ಲ. ಅದು ಬಹಳ ಉದ್ದ. ಆ ವಯಸ್ಸಿನವರು ಅಷ್ಟು ಹೊತ್ತು ಮಳೆಯಲ್ಲಿ ನಿಲ್ಲುವುದಿಲ್ಲ. ಹಾಡಿಲ್ಲದ ಸಿನಿಮಾ ನೋಡಿದಾಗ ಅಜ್ಜ ಹೇಳಿದ್ದು ಏನೋ ಬಹಳ ದೊಡ್ಡ ಮಾತು ಎಂದು ನಾನು ತಿಳಿದಿದ್ದೆ. ಅದನ್ನು ನಿಮ್ಮಿಂದ ಕಲಿತು ಅಪ್ಪನಿಗೆ ಕಲಿಸುತ್ತೇನೆ ಎಂದುಕೊಂಡಿದ್ದೆ. ಅಪ್ಪ ಹೇಳಿದ್ದು ಟವೆಲ್. ಆ ಟವೆಲ್ಲಿನ ವಿಚಾರ ಇಷ್ಟು ವರ್ಷದಲ್ಲಿ ನನಗಾಗಲಿ ಅಕ್ಕನಿಗಾಗಲಿ ಯಾರೂ ಹೇಳಿರಲಿಲ್ಲ. ಅಜ್ಜ ಆ ಮಳೆಯಲ್ಲಿ ನಿಂತು, ಎಲ್ಲರ ನಗುವಿಗೆ ಗುರಿಯಾಗಿ, ಅಷ್ಟು ಹೊತ್ತು ಹಾಡದೇ ಇದ್ದಿದ್ದರೆ ಅದು ಹೊರಗೆ ಬರುತ್ತಿತ್ತೇ? ಯೋಚಿಸಿದಷ್ಟೂ ಆಶ್ಚರ್ಯವಾಗುತ್ತದೆ.

ಮಾಡಿದವರು ನೀವು, ಕತ್ತರಿಸುವವರೂ ನೀವು. ನಾನು ಅಡ್ಡ ಬರಲಾರೆ. ಆದರೆ ಒಲೆಗೆ ಮಾತ್ರ ಹಾಕಬೇಡಿ.

ಇವತ್ತು ಬೆಳಿಗ್ಗೆ ಅವ್ವ ದೋಸೆ ಹುಯ್ಯುತ್ತಾ “ನೀಲಾ, ನಿಮ್ಮಪ್ಪಂಗೆ…” ಎಂದು ಶುರುಮಾಡಿ ನಿಲ್ಲಿಸಿದಳು. ಅಪ್ಪ ಜಗಲಿಯಿಂದ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಇಬ್ಬರೂ ನನ್ನನ್ನೇ ನೋಡಿದರು. ನಾನು ಕೊಡ ಎತ್ತಿಕೊಂಡೆ. ಅದರಲ್ಲಿ ನೀರು ತುಂಬಿತ್ತು. ಹಿತ್ತಿಲಿಗೆ ಒಯ್ದು ಕರಿಬೇವಿನ ಬುಡಕ್ಕೆ ಸುರಿದು, ನೀರು ತರಲು ಬಾವಿಗೆ ಹೋದೆ.

ಇಂತಿ,
ನೀಲಾಂಬಿಕೆ